ಗಾಲ್ಫ್ ಕೋರ್ಸ್ ಎಷ್ಟು ಕಷ್ಟ? ರೇಟಿಂಗ್ ಹಾಕುವ ಕ್ರಮ, ಟೀಯಿಂದ ಗ್ರೀನ್‌ವರೆಗೆ

ಒಬ್ಬ ಆಟಗಾರ ಈ ವಾರ ಒಂದು ಕೋರ್ಸ್‌ನಲ್ಲಿ 87 ಹೊಡೆದ, ಮುಂದಿನ ವಾರ ಬೇರೊಂದು ಕೋರ್ಸ್‌ನಲ್ಲಿ 90 ಹೊಡೆದ ಎಂದುಕೊಳ್ಳಿ. ಎರಡೂ ಪಾರ್ 72, ಅಂದರೆ ಹದಿನೆಂಟು ಹೋಲ್‌ಗಳನ್ನು 72 ಹೊಡೆತಗಳಲ್ಲಿ ಮುಗಿಸಬೇಕೆಂದು ನಿಗದಿಯಾದವು. ಯಾವ ದಿನದ ಆಟ ಮೇಲು? ಪಾರ್ ನೋಡಿ ಹೇಳುವವರು 87 ಎನ್ನುತ್ತಾರೆ. ಆದರೆ ಮೊದಲ ಕೋರ್ಸ್‌ನ ಸ್ಕೋರ್‌ಕಾರ್ಡ್ ಮೇಲೆ 70.2/110 ಎಂದೂ ಎರಡನೆಯದರ ಮೇಲೆ 71.5/130 ಎಂದೂ ಅಚ್ಚಾಗಿದ್ದರೆ ಉತ್ತರ ತಿರುಗುಮುರುಗಾಗುತ್ತದೆ. ಲೆಕ್ಕ ಹಾಕಿದರೆ 87ರ ಆಟ 17.3ಕ್ಕೆ ಬರುತ್ತದೆ, 90ರ ಆಟ 16.1ಕ್ಕೆ. ಈ ಲೆಕ್ಕದಲ್ಲಿ ಸಂಖ್ಯೆ ಕಡಿಮೆಯಾದಷ್ಟೂ ಆಟ ಉತ್ತಮ. ಮೂರು ಹೊಡೆತ ಹೆಚ್ಚು ಹೊಡೆದ ದಿನವೇ ಅವನು ಚೆನ್ನಾಗಿ ಆಡಿದ್ದ.

ಓರೆಗೆರೆಯ ಆಚೀಚೆ ಇರುವ ಆ ಎರಡು ಸಂಖ್ಯೆಗಳು (ಮೊದಲನೆಯದು ಕೋರ್ಸ್ ರೇಟಿಂಗ್, ಎರಡನೆಯದು ಸ್ಲೋಪ್ ರೇಟಿಂಗ್) ಎಲ್ಲಿಂದ ಬರುತ್ತವೆ, ಅವನ್ನು ಕಂಡುಹಿಡಿಯಲು ಮೈದಾನದಲ್ಲಿ ಏನೇನು ಅಳೆಯಬೇಕು, ಎಲ್ಲೆಲ್ಲಿ ಎಡವುತ್ತಾರೆ ಎಂಬುದನ್ನು ಇಲ್ಲಿ ಹಂತಹಂತವಾಗಿ ನೋಡೋಣ. ಅಧಿಕೃತ ರೇಟಿಂಗ್ ಕೊಡುವ ಹಕ್ಕು ಆಯಾ ದೇಶದ ಮಾನ್ಯ ಗಾಲ್ಫ್ ಸಂಸ್ಥೆಯ ತರಬೇತಿ ಪಡೆದ ತಂಡಕ್ಕೆ ಮಾತ್ರ. ಆದರೂ ಕ್ರಮ ಗೊತ್ತಿದ್ದರೆ ಕ್ಲಬ್‌ನ ಸಮಿತಿ ತಂಡಕ್ಕೆ ಕೋರ್ಸನ್ನು ಸರಿಯಾಗಿ ಸಿದ್ಧಪಡಿಸಬಹುದು, ಬಂದ ಸಂಖ್ಯೆಯನ್ನು ಪರಿಶೀಲಿಸಬಹುದು, ಆಟಗಾರ ತನ್ನ ಕಾರ್ಡನ್ನು ಅರ್ಥಮಾಡಿಕೊಂಡು ಓದಬಹುದು.

ಪಾರ್ ಅಳತೆಗೋಲಲ್ಲ

ಪಾರ್ ಬಹುಮಟ್ಟಿಗೆ ಉದ್ದಕ್ಕೆ ಅಂಟಿಸಿದ ಚೀಟಿ. ಹ್ಯಾಂಡಿಕ್ಯಾಪ್ ಅಂದರೆ ಆಟಗಾರನ ಮಟ್ಟಕ್ಕೆ ತಕ್ಕಂತೆ ಅವನಿಗೆ ಸಿಗುವ ಹೆಚ್ಚುವರಿ ಹೊಡೆತಗಳ ಲೆಕ್ಕ. ಈಗಿನ ವಿಶ್ವ ಹ್ಯಾಂಡಿಕ್ಯಾಪ್ ಪದ್ಧತಿಯ ಪ್ರಕಾರ ಪುರುಷರಿಗೆ 260 ಗಜದವರೆಗಿನ ಹೋಲ್ ಪಾರ್ 3, 240ರಿಂದ 490 ಗಜ ಪಾರ್ 4, 450ರಿಂದ 710 ಗಜ ಪಾರ್ 5. ಮಹಿಳೆಯರಿಗೆ ಪಾರ್ 3 ಅಂದರೆ 220 ಗಜದವರೆಗೆ, ಪಾರ್ 4 ಅಂದರೆ 200ರಿಂದ 420, ಪಾರ್ 5 ಅಂದರೆ 370ರಿಂದ 600. ಅಂಚುಗಳು ಒಂದರ ಮೇಲೊಂದು ಬೀಳುವುದನ್ನು ಗಮನಿಸಿ. 470 ಗಜದ ಒಂದೇ ಹೋಲ್‌ಗೆ ಒಂದು ಕ್ಲಬ್ ಪಾರ್ 4 ಎಂದು ಬರೆಯಬಹುದು, ಇನ್ನೊಂದು ಪಾರ್ 5 ಎಂದು ಬರೆಯಬಹುದು. ಅದರಿಂದ ಹೋಲ್ ಸುಲಭವೂ ಆಗದು, ಕಷ್ಟವೂ ಆಗದು. 280 ಗಜದ ಸಪಾಟು ಹೋಲ್ ಪಾರ್ 4, ಕೆರೆ ದಾಟಿ ಗಾಳಿಗೆದುರಾಗಿ ಹೊಡೆಯಬೇಕಾದ 480 ಗಜದ ಹೋಲ್ ಕೂಡ ಪಾರ್ 4.

ಹಿಂದೆ ಅಳತೆ ಇನ್ನೂ ಒರಟಾಗಿತ್ತು. 1911ರಲ್ಲಿ ಅಮೆರಿಕದ ಗಾಲ್ಫ್ ಸಂಸ್ಥೆ ಯುಎಸ್‌ಜಿಎ ಮೊದಲ ರಾಷ್ಟ್ರೀಯ ಹ್ಯಾಂಡಿಕ್ಯಾಪ್ ಪದ್ಧತಿ ತಂದಾಗ, ಅಮೆಚೂರ್ ಚಾಂಪಿಯನ್ ಆಗಿದ್ದ ಜೆರೋಮ್ ಟ್ರಾವರ್ಸ್‌ನಂಥ ಆಟಗಾರ ಎಷ್ಟು ಹೊಡೆತಗಳಲ್ಲಿ ಮುಗಿಸಿಯಾನು ಎಂಬುದೇ ಮಾನದಂಡವಾಗಿತ್ತು. ಅಂದರೆ ಚಾಂಪಿಯನ್‌ಗೆ ಕೋರ್ಸ್ ಎಷ್ಟು ಕಷ್ಟ ಎಂಬುದು ಗೊತ್ತಾಗುತ್ತಿತ್ತು. ಅವನಿಗಿಂತ ಇಪ್ಪತ್ತು ಹೊಡೆತ ಹೆಚ್ಚು ಹೊಡೆಯುವವನಿಗೆ ಅದೇ ಕೋರ್ಸ್ ಎಷ್ಟು ಕಷ್ಟ ಎಂಬ ಪ್ರಶ್ನೆ ಹಾಗೇ ಉಳಿದಿತ್ತು. ಅದಕ್ಕೆ ಉತ್ತರ ಬಂದದ್ದು 1970ರ ದಶಕದ ಕೊನೆಯಲ್ಲಿ, ಡೀನ್ ಕ್ನೂತ್ ರೂಪಿಸಿದ ಸ್ಲೋಪ್ ಪದ್ಧತಿಯಿಂದ. 1980ರ ದಶಕದಲ್ಲಿ ಯುಎಸ್‌ಜಿಎ ಅದನ್ನು ಅಮೆರಿಕದಲ್ಲಿ ಹರಡಿತು. 2020ರಲ್ಲಿ ಯುಎಸ್‌ಜಿಎ ಮತ್ತು ಬ್ರಿಟನ್‌ನ ಗಾಲ್ಫ್ ಸಂಸ್ಥೆ ಆರ್ ಅಂಡ್ ಎ ಸೇರಿ, ಅದುವರೆಗೆ ಬೇರೆಬೇರೆಯಾಗಿದ್ದ ಆರು ಹ್ಯಾಂಡಿಕ್ಯಾಪ್ ಪದ್ಧತಿಗಳನ್ನು ಒಂದುಗೂಡಿಸಿದಾಗ ಇದೇ ರೇಟಿಂಗ್ ಕ್ರಮ ಜಗತ್ತಿನ ಕ್ರಮವಾಯಿತು.

ಕಷ್ಟ ಯಾರಿಗೆ?

ಇಡೀ ಪದ್ಧತಿ ಈ ಪ್ರಶ್ನೆಯ ಮೇಲೆ ನಿಂತಿದೆ. ‘ಈ ಕೋರ್ಸ್ ಕಷ್ಟ’ ಎಂಬ ಮಾತಿಗೆ ಇಲ್ಲಿ ಅರ್ಥವಿಲ್ಲ. ‘ಇವನಿಗೆ ಇಷ್ಟು ಕಷ್ಟ, ಅವನಿಗೆ ಅಷ್ಟು ಕಷ್ಟ’ ಎನ್ನಬೇಕು. ಅದಕ್ಕಾಗಿ ಇಬ್ಬರು ಕಾಲ್ಪನಿಕ ಆಟಗಾರರನ್ನು ಇಟ್ಟುಕೊಂಡಿದ್ದಾರೆ.

ಮೊದಲನೆಯವನು ಸ್ಕ್ರ್ಯಾಚ್ ಆಟಗಾರ, ಹ್ಯಾಂಡಿಕ್ಯಾಪ್ ಸೊನ್ನೆ. ಪುರುಷನಾದರೆ ಟೀಯಿಂದ, ಅಂದರೆ ಹೋಲ್ ಶುರುವಾಗುವ ಜಾಗದಿಂದ, 250 ಗಜ ಹೊಡೆಯುತ್ತಾನೆ, ಎರಡನೆಯ ಹೊಡೆತ 220 ಗಜ, ಅಂದರೆ 470 ಗಜದ ಹೋಲನ್ನು ಎರಡು ಹೊಡೆತಕ್ಕೆ ಮುಟ್ಟುತ್ತಾನೆ. ಮಹಿಳೆಯಾದರೆ ಟೀಯಿಂದ 210, ಎರಡು ಹೊಡೆತಕ್ಕೆ 400 ಗಜ. ಎರಡನೆಯವನು ಬೋಗಿ ಆಟಗಾರ. ಪುರುಷರಲ್ಲಿ ಹ್ಯಾಂಡಿಕ್ಯಾಪ್ ಸುಮಾರು 20, ಟೀಯಿಂದ 200 ಗಜ, ಎರಡು ಹೊಡೆತಕ್ಕೆ 370 ಗಜ. ಮಹಿಳೆಯರಲ್ಲಿ ಹ್ಯಾಂಡಿಕ್ಯಾಪ್ ಸುಮಾರು 24, ಟೀಯಿಂದ 150, ಎರಡು ಹೊಡೆತಕ್ಕೆ 280 ಗಜ.

ರೇಟಿಂಗ್ ತಂಡ ಮೈದಾನದಲ್ಲಿ ನಡೆಯುವಾಗ ಈ ನಾಲ್ವರನ್ನೂ ಜೊತೆಗೆ ಕರೆದುಕೊಂಡು ಹೋದಂತೆ ಯೋಚಿಸಬೇಕು. ತಂಡದವರು ಸ್ವತಃ ಎಷ್ಟು ದೂರ ಹೊಡೆಯುತ್ತಾರೆ ಎಂಬುದು ಇಲ್ಲಿ ಲೆಕ್ಕಕ್ಕಿಲ್ಲ. ಹೊಸಬರ ಮೊದಲ ತಪ್ಪೇ ಇದು: 280 ಗಜ ಹೊಡೆಯುವ ಆಟಗಾರನೊಬ್ಬ ತಂಡದಲ್ಲಿದ್ದರೆ ಅವನ ಕಣ್ಣಿಗೆ 230 ಗಜ ದೂರದಲ್ಲಿರುವ ಬಂಕರ್ (ಮರಳುಗುಂಡಿ) ಬೀಳುವುದೇ ಇಲ್ಲ.

ತಂಡ ಬರುವ ಮೊದಲು

ಸಿದ್ಧತೆಯಲ್ಲಿ ಮುಖ್ಯವಾದದ್ದು ಕಾಲ. ಕೋರ್ಸ್ ತನ್ನ ಆಟದ ಋತುವಿನ ನಡುವೆ ಸಾಮಾನ್ಯವಾಗಿ ಹೇಗಿರುತ್ತದೋ ಹಾಗೆಯೇ ಇರುವಾಗ ರೇಟಿಂಗ್ ಆಗಬೇಕು. ತಂಡ ಬರುತ್ತದೆಂದು ರಫ್ (ಅಂಚಿನ ಎತ್ತರದ ಹುಲ್ಲು) ಬೆಳೆಯಲು ಬಿಟ್ಟು, ಗ್ರೀನನ್ನು (ಕುಳಿ ಇರುವ ನುಣುಪು ಹುಲ್ಲಿನ ಜಾಗ) ಟೂರ್ನಮೆಂಟ್‌ಗೆಂಬಂತೆ ಬೋಳಿಸಿ ಇಡುವ ಕ್ಲಬ್‌ಗಳಿವೆ. ರೇಟಿಂಗ್ ಏರಿದರೆ ಕೋರ್ಸ್‌ನ ಘನತೆ ಏರುತ್ತದೆಂಬ ಭ್ರಮೆ. ನಿಜದಲ್ಲಿ ಆಗುವುದೇ ಬೇರೆ: ರೇಟಿಂಗ್ ಉಬ್ಬಿದರೆ ಅಲ್ಲಿನ ಸದಸ್ಯರ ಹ್ಯಾಂಡಿಕ್ಯಾಪ್ ಇರಬೇಕಾದದ್ದಕ್ಕಿಂತ ಕೆಳಗಿಳಿಯುತ್ತದೆ, ಬೇರೆ ಕ್ಲಬ್‌ಗೆ ಆಡಲು ಹೋದಾಗ ಸಿಗಬೇಕಾದ ಹೊಡೆತಗಳು ಸಿಗದೆ ಸೋತು ಬರುತ್ತಾರೆ.

ಎರಡನೆಯದು ಶಾಶ್ವತ ಗುರುತು. ಪ್ರತಿ ಟೀ ಪಕ್ಕದಲ್ಲಿ ನೆಲದಲ್ಲಿ ಹೂತ ಕಲ್ಲೋ ಲೋಹದ ಫಲಕವೋ ಇರಬೇಕು. ಅಳತೆ ಶುರುವಾಗುವುದು ಅಲ್ಲಿಂದ. ದಿನವೂ ಜಾಗ ಬದಲಿಸುವ ಬಣ್ಣದ ಮಾರ್ಕರ್‌ಗಳಿಂದ ಅಳೆದರೆ ಆ ಸಂಖ್ಯೆ ಮಾರನೆಯ ದಿನಕ್ಕೇ ಹಳತು.

ಯಾವ ಟೀಯಿಂದ ಯಾರು ಆಡುತ್ತಾರೆ ಎಂಬುದನ್ನೂ ಮೊದಲೇ ತೀರ್ಮಾನಿಸಿ. ಒಂದೇ ಟೀಗೆ ಪುರುಷರ ರೇಟಿಂಗ್ ಬೇರೆ, ಮಹಿಳೆಯರ ರೇಟಿಂಗ್ ಬೇರೆ. ಗ್ರೀನ್‌ಗೆ ಹತ್ತಿರವಿರುವ ಮುಂದಿನ ಟೀಗಳಿಗೆ ಮಹಿಳೆಯರ ರೇಟಿಂಗ್ ಮಾತ್ರ ಹಾಕಿಸಿದರೆ, ಅಲ್ಲಿಂದ ಆಡುವ ಹಿರಿಯ ಪುರುಷರಿಗೆ ಸ್ಕೋರ್ ದಾಖಲಿಸುವ ಹೊತ್ತಿಗೆ ತೊಡಕು. ತಂಡ ಬಂದಾಗಲೇ ಎಲ್ಲ ಟೀಗಳಿಗೂ ಎರಡೂ ರೇಟಿಂಗ್ ಕೇಳಿ ಹಾಕಿಸಿಕೊಳ್ಳುವುದು ಜಾಣತನ.

ಉದ್ದ ಅಳೆಯುವುದು

ಕೋರ್ಸ್‌ನ ಕಷ್ಟದಲ್ಲಿ ಸಿಂಹಪಾಲು ಉದ್ದದ್ದೇ. ಹಾಗಾಗಿ ಇಲ್ಲಿ ಆದ ತಪ್ಪನ್ನು ಮುಂದಿನ ಯಾವ ಹಂತವೂ ತಿದ್ದಲಾರದು.

ಶಾಶ್ವತ ಗುರುತಿನಿಂದ ಗ್ರೀನ್‌ನ ನಡುಮಧ್ಯದವರೆಗೆ ಅಳೆಯಿರಿ. ಅಂದಿನ ಬಾವುಟದವರೆಗಲ್ಲ. ಲೇಸರ್ ಉಪಕರಣ ಅಥವಾ ಸರ್ವೆ ದರ್ಜೆಯ ಜಿಪಿಎಸ್ ಬಳಸಿ, ಅಳತೆ ಸಮತಲದ್ದಾಗಿರಲಿ. ಗುಡ್ಡ ಹತ್ತಿ ಇಳಿಯುವ ನೆಲದ ಮೇಲೆ ಚಕ್ರ ಉರುಳಿಸಿ ಅಳೆದರೆ ಉದ್ದ ಸುಮ್ಮನೆ ಹೆಚ್ಚಾಗುತ್ತದೆ, ಏಕೆಂದರೆ ಚೆಂಡು ನೆಲ ಹಿಡಿದು ಹೋಗುವುದಿಲ್ಲ.

ಡಾಗ್‌ಲೆಗ್ ಇದ್ದಲ್ಲಿ, ಅಂದರೆ ಹೋಲ್ ನಡುವೆ ತಿರುಗಿದಲ್ಲಿ, ಟೀಯಿಂದ ಫೇರ್‌ವೇ (ಹುಲ್ಲು ಸವರಿದ ಆಟದ ಹಾದಿ) ಮಧ್ಯದ ತಿರುವು ಬಿಂದುವಿಗೆ ಒಂದು ಗೆರೆ, ಅಲ್ಲಿಂದ ಗ್ರೀನ್ ಮಧ್ಯಕ್ಕೆ ಇನ್ನೊಂದು. ಟೀಯಿಂದ ಗ್ರೀನ್‌ಗೆ ನೇರ ಗೆರೆ ಎಳೆದರೆ ಮರಗಳ ಮೇಲೆ ಹಾದುಹೋದ, ಯಾರೂ ಆಡದ ಉದ್ದ ಸಿಗುತ್ತದೆ. ತಿರುವು ಬಿಂದುವನ್ನು ನಕ್ಷೆಯ ಮೇಲೆ ಗುರುತಿಸಿ ಇಟ್ಟುಕೊಳ್ಳಿ. ಇಲ್ಲದಿದ್ದರೆ ಮುಂದಿನ ಬಾರಿ ಅಳೆಯುವವರು ಬೇರೆ ಬಿಂದು ಹಿಡಿದು, ಏನೂ ಬದಲಾಗದ ಹೋಲ್‌ನಲ್ಲಿ 8 ಗಜದ ವ್ಯತ್ಯಾಸ ತೋರಿಸುತ್ತಾರೆ.

ಎಷ್ಟು ಗಜಕ್ಕೆ ಎಷ್ಟು ಬೆಲೆ? ಪುರುಷ ಸ್ಕ್ರ್ಯಾಚ್ ಆಟಗಾರನಿಗೆ 22 ಗಜ ಅಂದರೆ 0.1 ಹೊಡೆತ. ಪ್ರತಿ ಹೋಲ್‌ನಲ್ಲೂ 5 ಗಜ ತಪ್ಪು ಅಳೆದರೆ ಹದಿನೆಂಟಕ್ಕೆ 90 ಗಜ, ಅಂದರೆ ಅವನಿಗೆ 0.4 ಹೊಡೆತ, ಬೋಗಿ ಆಟಗಾರನಿಗೆ ಅರ್ಧ ಹೊಡೆತಕ್ಕಿಂತ ಹೆಚ್ಚು.

ಅಳೆದ ಉದ್ದ ಒಂದು, ಆಡುವ ಉದ್ದ ಇನ್ನೊಂದು

ಲೇಸರ್ 400 ಗಜ ಎಂದರೂ ಆ ಹೋಲ್ 400 ಗಜದಂತೆ ಆಡಿಸಬೇಕೆಂದಿಲ್ಲ. ಐದು ಸಂಗತಿಗಳಿಗೆ ತಿದ್ದುಪಡಿ ಮಾಡುತ್ತಾರೆ.

ಉರುಳುವಿಕೆ: ಬಿದ್ದ ಚೆಂಡು ಗಟ್ಟಿ ನೆಲದಲ್ಲಿ, ಇಳಿಜಾರಿನಲ್ಲಿ ಮುಂದೆ ಓಡುತ್ತದೆ, ಹೋಲ್ ಗಿಡ್ಡವಾಗುತ್ತದೆ. ಮೆತ್ತನೆಯ ಏರಿನಲ್ಲಿ ಬಿದ್ದಲ್ಲೇ ನಿಲ್ಲುತ್ತದೆ, ಹೋಲ್ ಉದ್ದವಾಗುತ್ತದೆ. ಏರಿಳಿತ: ಟೀಗಿಂತ ಗ್ರೀನ್ ಮೇಲಿದ್ದರೆ ಉದ್ದ ಸೇರಿಸಿ, ಕೆಳಗಿದ್ದರೆ ಕಳೆಯಿರಿ. ಗಾಳಿ: ಋತುವಿನ ಸಾಮಾನ್ಯ ಗಾಳಿಯನ್ನು ಹಿಡಿಯಬೇಕು, ಅಳೆಯಲು ಹೋದ ದಿನದ ಗಾಳಿಯನ್ನಲ್ಲ. ಸಮುದ್ರದಂಡೆಯ ಬಯಲು ಕೋರ್ಸ್‌ಗಳಲ್ಲಿ ಇದರ ತೂಕ ಹೆಚ್ಚು. ಸಮುದ್ರಮಟ್ಟದಿಂದ ಎತ್ತರ: 2,000 ಅಡಿ ದಾಟಿದರೆ ತೆಳುಗಾಳಿಯಲ್ಲಿ ಚೆಂಡು ದೂರ ಹಾರುವುದರಿಂದ ಉದ್ದ ಕಡಿಮೆಯಾಗುತ್ತದೆ.

ಐದನೆಯದು ಡಾಗ್‌ಲೆಗ್ ಮತ್ತು ಒತ್ತಾಯದ ಲೇ-ಅಪ್. ಪೂರ್ತಿ ಹೊಡೆದರೆ ಚೆಂಡು ನೀರಿಗೋ ಮರದ ಗುಂಪಿಗೋ ಹೋಗುವಂತಿದ್ದರೆ ಆಟಗಾರ ಬೇಕೆಂದೇ ಗಿಡ್ಡ ಹೊಡೆಯಬೇಕು. ಬಿಟ್ಟುಕೊಟ್ಟ ಗಜಗಳನ್ನು ಹೋಲ್‌ನ ಉದ್ದಕ್ಕೆ ಸೇರಿಸುತ್ತಾರೆ. ಒಂದೇ ಹೋಲ್‌ನಲ್ಲಿ ಇದು ಒಬ್ಬನಿಗೆ ಅನ್ವಯಿಸಿ ಇನ್ನೊಬ್ಬನಿಗೆ ಅನ್ವಯಿಸದೆ ಇರಬಹುದು, ಸ್ವಾರಸ್ಯವೇ ಅಲ್ಲಿದೆ.

ಹತ್ತು ಅಡೆತಡೆ

ಉದ್ದ ಮುಗಿದ ಮೇಲೆ ಪ್ರತಿ ಹೋಲ್‌ನಲ್ಲೂ ಹತ್ತು ಅಂಶಗಳಿಗೆ ಸೊನ್ನೆಯಿಂದ ಹತ್ತರವರೆಗೆ ಅಂಕ ಕೊಡಬೇಕು, ಸ್ಕ್ರ್ಯಾಚ್‌ಗೆ ಒಂದು, ಬೋಗಿಗೆ ಇನ್ನೊಂದು. ಅಂಕ ಊಹೆಯಿಂದ ಬರುವುದಿಲ್ಲ. ಮೊದಲು ಅಳತೆ, ಆಮೇಲೆ ಕೈಪಿಡಿಯ ಕೋಷ್ಟಕ, ಕೊನೆಗೆ ಸಣ್ಣಪುಟ್ಟ ತಿದ್ದುಪಡಿ.

ನೆಲದ ಸ್ವರೂಪದಲ್ಲಿ ನೋಡುವುದು ಕಾಲು ಸಮವಾಗಿ ನಿಲ್ಲುತ್ತದೆಯೇ ಎಂಬುದನ್ನು. ಫೇರ್‌ವೇಯಲ್ಲಿ ಅಳೆಯುವುದು ಚೆಂಡು ಬೀಳುವ ಜಾಗದ ಅಗಲವನ್ನು. ಹೋಲ್‌ನ ಸರಾಸರಿ ಅಗಲ ಇಲ್ಲಿ ಉಪಯೋಗಕ್ಕೆ ಬಾರದು, 200 ಗಜದಲ್ಲಿ ಎಷ್ಟು, 250ರಲ್ಲಿ ಎಷ್ಟು ಎಂಬುದೇ ಬೇಕು. ಗ್ರೀನ್ ಗುರಿ ಎಂಬ ಅಂಶ ಗ್ರೀನ್‌ನ ಗಾತ್ರವನ್ನೂ ಅದಕ್ಕೆ ಎಷ್ಟು ದೂರದಿಂದ ಹೊಡೆಯಬೇಕು ಎಂಬುದನ್ನೂ ಒಟ್ಟಿಗೆ ತೂಗುತ್ತದೆ. 190 ಗಜದಿಂದ ನೋಡಿದರೆ ಚಿಕ್ಕದಾದ ಗ್ರೀನ್ 80 ಗಜದಿಂದ ದೊಡ್ಡದೇ. ಗ್ರೀನ್ ತಪ್ಪಿದರೆ ಚೇತರಿಸಿಕೊಳ್ಳುವುದು ಎಷ್ಟು ಕಷ್ಟ ಎಂಬುದು ಮುಂದಿನ ಅಂಶ. ರಫ್‌ನ ಎತ್ತರವನ್ನು ಇಂಚುಪಟ್ಟಿ ನೆಟ್ಟು ನೋಡುವುದು ಇಲ್ಲೇ. ಬಂಕರ್‌ಗಳಲ್ಲಿ ಗ್ರೀನ್‌ನ ಸುತ್ತಳತೆಯ ಎಷ್ಟು ಭಾಗ ಬಂಕರ್‌ನಿಂದ ಸುತ್ತುವರಿದಿದೆ (ಕಾಲು ಭಾಗದೊಳಗೋ, ಅರ್ಧದವರೆಗೋ, ಮುಕ್ಕಾಲೋ, ಇನ್ನೂ ಹೆಚ್ಚೋ), ಆಳವೆಷ್ಟು, ಚೆಂಡು ಬೀಳುವ ಜಾಗದ ಹತ್ತಿರ ಬೇರೆ ಬಂಕರ್‌ಗಳಿವೆಯೇ ಎಂದು ನೋಡುತ್ತಾರೆ.

ಅಡ್ಡ ಬರುವ ತೊರೆ, ಕಂದಕಗಳಿಗೆ ದಾಟಬೇಕಾದ ದೂರ ಮುಖ್ಯ. ಬದಿಯ ಕೆರೆ, ಔಟ್ ಆಫ್ ಬೌಂಡ್ಸ್ (ಆಟದ ಗಡಿಯಾಚೆಯ ಜಾಗ), ಚೆಂಡು ನುಂಗುವ ಪೊದೆಗಳಿಗೆ ಬೀಳುವ ಜಾಗದ ಮಧ್ಯದಿಂದ ಅವು ಎಷ್ಟು ಗಜ ಎಂಬುದು ಮುಖ್ಯ. ಮರಗಳಲ್ಲಿ ದಟ್ಟಣೆ, ಗಾತ್ರ, ದೂರಗಳ ಜೊತೆಗೆ ಒಳಗೆ ಹೋದ ಚೆಂಡನ್ನು ಹೊರಗೆ ತರುವ ಅವಕಾಶ ಎಷ್ಟಿದೆ ಎಂದೂ ನೋಡಬೇಕು. ಕೊಂಬೆ ಸವರಿ ಬುಡ ಸ್ವಚ್ಛವಾಗಿಟ್ಟ ಮರದ ಸಾಲಿಗೂ ನೆಲಮಟ್ಟದ ಪೊದೆಯಿರುವ ತೋಪಿಗೂ ಬಹಳ ಅಂತರ. ಗ್ರೀನ್‌ನ ಮೇಲ್ಮೈಯಲ್ಲಿ ವೇಗ ಮತ್ತು ಬಾಗುಬಳುಕು.

ಹತ್ತನೆಯದಕ್ಕೆ ಮಾನಸಿಕ ಅಂಶ ಎಂದು ಹೆಸರು. ಹೆಸರು ಕೇಳಿ ಇದು ಅನಿಸಿಕೆಯ ವಿಷಯ ಎಂದುಕೊಳ್ಳುವವರೇ ಹೆಚ್ಚು. ಹಾಗಿಲ್ಲ. ಉಳಿದ ಒಂಬತ್ತರಲ್ಲಿ ಎಷ್ಟಕ್ಕೆ ಅಂಕ ಜೋರಾಗಿದೆ ಎಂಬುದರಿಂದ ಇದು ಕೋಷ್ಟಕದ ಮೂಲಕ ತಾನೇ ಹೊರಬೀಳುತ್ತದೆ. ಎಡಗಡೆ ನೀರು, ಬಲಗಡೆ ಮರ, ಮುಂದೆ ಬಂಕರ್ ಒಟ್ಟಿಗೆ ಬಂದಾಗ ಅವುಗಳ ಮೊತ್ತಕ್ಕಿಂತ ಭಾರ ಹೆಚ್ಚು ಎಂಬುದನ್ನು ಒಪ್ಪಿಕೊಂಡಂತೆ ಅಷ್ಟೇ. ‘ನೋಡಿದರೇ ಭಯವಾಗುತ್ತದೆ’ ಎಂದು ಯಾರೂ ಅಂಕ ಸೇರಿಸುವ ಹಾಗಿಲ್ಲ.

ಒಂದು ಹೋಲ್ ಹತ್ತಿರದಿಂದ

415 ಗಜದ ಒಂದು ಪಾರ್ 4 ಹೋಲ್, ಪುರುಷರ ಟೀ. 345 ಗಜದಿಂದ 360ರವರೆಗೆ ಅಡ್ಡವಾಗಿ ಒಂದು ತೊರೆ. ಬಲಬದಿಯಲ್ಲಿ, 250 ಗಜದ ಆಸುಪಾಸಿನಲ್ಲಿ ಒಂದು ಕೆರೆ. ಫೇರ್‌ವೇ 200 ಗಜದಲ್ಲಿ 38 ಗಜ ಅಗಲ, 250ರ ಹೊತ್ತಿಗೆ 26ಕ್ಕೆ ಇಳಿಯುತ್ತದೆ.

ಸ್ಕ್ರ್ಯಾಚ್ ಆಟಗಾರ 250 ಹೊಡೆದು ಇಕ್ಕಟ್ಟಾದ ಜಾಗದಲ್ಲಿ ಬೀಳುತ್ತಾನೆ, ಮಧ್ಯದಿಂದ 20 ಗಜಕ್ಕೆ ಕೆರೆ. ಉಳಿದದ್ದು 165 ಗಜ. ತೊರೆಯ ಆಚೆ ದಡ ಅವನಿಂದ 110 ಗಜ, ಲೆಕ್ಕಕ್ಕೇ ಇಲ್ಲ. ಗ್ರೀನ್‌ಗೆ ಅವನು 165 ಗಜದಿಂದ ಗುರಿ ಇಡಬೇಕು.

ಬೋಗಿ ಆಟಗಾರ 200 ಗಜದಲ್ಲಿ ಅಗಲವಾದ ಫೇರ್‌ವೇ ಮೇಲೆ ಇದ್ದಾನೆ, ಕೆರೆ ಅವನಿಂದ ಬಲು ದೂರ. ಆದರೆ ತೊರೆ ಈಗ ಅವನ ಮುಂದೆ 145ರಿಂದ 160 ಗಜದಲ್ಲಿ ಬಾಯಿ ತೆರೆದಿದೆ. ಅವನ ಎರಡನೆಯ ಹೊಡೆತ 170 ಗಜ ನಿಜ, ಆದರೆ ಅದರ ಕೊನೆಯ ಭಾಗ ನೆಲದ ಮೇಲಿನ ಉರುಳು. ಗಾಳಿಯಲ್ಲೇ 160 ಗಜ ದಾಟುವುದು ಅವನ ಕೈಲಾಗದು. ಹಾಗಾಗಿ 330ಕ್ಕೆ ನಿಲ್ಲಿಸುತ್ತಾನೆ, 40 ಗಜ ಕಳೆದುಕೊಳ್ಳುತ್ತಾನೆ. ಅವನ ಪಾಲಿಗೆ ಈ ಹೋಲ್ 415 ಅಲ್ಲ, 455 ಗಜ. ಬೋಗಿ ಲೆಕ್ಕದಲ್ಲಿ 160 ಗಜಕ್ಕೆ ಒಂದು ಹೊಡೆತವಾದ್ದರಿಂದ ಅದೊಂದೇ ತೊರೆ ಅವನ ಮೇಲೆ 0.25 ಹೊಡೆತ ಹೇರಿತು. ಇನ್ನೊಂದೆಡೆ, ಗ್ರೀನ್‌ಗೆ ಅವನ ಕೊನೆಯ ಹೊಡೆತ ಕೇವಲ 85 ಗಜ, ಗ್ರೀನ್ ಗುರಿಯ ಅಂಕ ಅವನಿಗೆ ಹಗುರವಾಗುತ್ತದೆ.

ಕೆರೆ ಮತ್ತು ಫೇರ್‌ವೇ ಸ್ಕ್ರ್ಯಾಚ್‌ಗೆ ಭಾರ, ತೊರೆ ಬೋಗಿಗೆ ಭಾರ. ಟೀ ಮೇಲೆ ನಿಂತು ಇಡೀ ಹೋಲನ್ನು ಒಂದೇ ನೋಟದಲ್ಲಿ ತೂಗಲು ಹೋದರೆ ಇದು ಯಾವುದೂ ಕಾಣುವುದಿಲ್ಲ. ಅದಕ್ಕೇ ತಂಡ ಟೀಯಿಂದ ನಡೆದು, ನಾಲ್ಕೂ ಆಟಗಾರರ ಚೆಂಡು ಬೀಳುವ ಜಾಗದಲ್ಲಿ ಒಮ್ಮೊಮ್ಮೆ ನಿಂತು ಅಳೆಯುವುದು.

ಗ್ರೀನ್‌ನ ವೇಗ

1935ರ ಯುಎಸ್ ಓಪನ್ ಓಕ್‌ಮಾಂಟ್‌ನಲ್ಲಿ ನಡೆದಾಗ ಅಲ್ಲಿನ ಗ್ರೀನ್‌ಗಳ ವೇಗ ನೋಡಿ ಬೆರಗಾದ ಎಡ್ವರ್ಡ್ ಸ್ಟಿಂಪ್ಸನ್ ಎಂಬ ಅಮೆಚೂರ್ ಆಟಗಾರ ವೇಗ ಅಳೆಯಲು ಒಂದು ಮರದ ಪಟ್ಟಿ ಮಾಡಿದ. ಯುಎಸ್‌ಜಿಎ 1970ರ ದಶಕದಲ್ಲಿ ಅದನ್ನು ಅಲ್ಯೂಮಿನಿಯಂನಲ್ಲಿ ಮಾಡಿಸಿತು. ಈಗಿನ ಸ್ಟಿಂಪ್‌ಮೀಟರ್ 36 ಇಂಚು ಉದ್ದದ, ನಡುವೆ ವಿ ಆಕಾರದ ಕಾಲುವೆಯಿರುವ ಪಟ್ಟಿ. ನೆಲ ಮುಟ್ಟುವ ತುದಿಯಿಂದ 30 ಇಂಚು ಮೇಲೆ ಚೆಂಡು ಕೂರುವ ಒಂದು ಕಚ್ಚು.

ಗ್ರೀನ್‌ನಲ್ಲಿ ಆದಷ್ಟು ಸಮತಟ್ಟಾದ ಜಾಗ ಹುಡುಕಿ. ಪಟ್ಟಿಯ ಕೆಳತುದಿಯ ಜಾಗದಲ್ಲಿ ಒಂದು ಟೀ (ಇಲ್ಲಿ ಚೆಂಡು ಕೂರಿಸುವ ಪುಟ್ಟ ಗೂಟ) ನೆಡಿ. ಕಚ್ಚಿನಲ್ಲಿ ಚೆಂಡಿಟ್ಟು ಮೇಲ್ತುದಿಯನ್ನು ನಿಧಾನವಾಗಿ ಎತ್ತಿ. ಸುಮಾರು 20 ಡಿಗ್ರಿ ಆದಾಗ ಚೆಂಡು ತಾನಾಗಿ ಕಚ್ಚು ಬಿಟ್ಟು ಉರುಳುತ್ತದೆ. ಆ ಕ್ಷಣಕ್ಕೆ ಕೈ ಅಲ್ಲೇ ನಿಲ್ಲಬೇಕು. ಎತ್ತುತ್ತಲೇ ಹೋದರೆ ಚೆಂಡಿಗೆ ಹೆಚ್ಚುವರಿ ವೇಗ ಸಿಕ್ಕು ಅಳತೆ ಕೆಡುತ್ತದೆ. ಹೀಗೆ ಮೂರು ಚೆಂಡು. ಮೂರೂ ಒಂದಕ್ಕೊಂದು 8 ಇಂಚಿನೊಳಗೆ ನಿಲ್ಲಬೇಕು, ಇಲ್ಲದಿದ್ದರೆ ಮೊದಲಿನಿಂದ. ಅವು ನಿಂತ ಸರಾಸರಿ ಜಾಗದಲ್ಲಿ ಇನ್ನೊಂದು ಟೀ ನೆಟ್ಟು, ಅಲ್ಲಿಂದ ಹಿಂದಕ್ಕೆ ಮತ್ತೆ ಮೂರು ಚೆಂಡು. ಎರಡು ದಿಕ್ಕಿನ ಸರಾಸರಿಗಳ ನಡುವೆ 18 ಇಂಚಿಗಿಂತ ಹೆಚ್ಚು ಅಂತರ ಬಂದರೆ ಆ ಜಾಗ ಸಮತಟ್ಟಲ್ಲ. ಸರಿಬಂದರೆ ಎರಡನ್ನೂ ಕೂಡಿ ಅರ್ಧ ಮಾಡಿ, ಉತ್ತರ ಅಡಿಗಳಲ್ಲಿ.

ಸಮತಟ್ಟು ಜಾಗವೇ ಇಲ್ಲದ ಗ್ರೀನ್ ಆದರೆ? ಇಳಿಮುಖದ ದೂರ 13 ಅಡಿ, ಏರುಮುಖದ್ದು 7 ಅಡಿ ಬಂದಿದೆ ಎನ್ನಿ. ನೇರ ಸರಾಸರಿ ಹಾಕಿದರೆ 10 ಬರುತ್ತದೆ, ಅದು ತಪ್ಪು, ಏಕೆಂದರೆ ಇಳಿಜಾರು ಕೊಡುವಷ್ಟನ್ನು ಏರು ಕಸಿಯುವುದಿಲ್ಲ. ಎರಡನ್ನೂ ಗುಣಿಸಿ, ಎರಡರಿಂದ ಗುಣಿಸಿ, ಎರಡರ ಮೊತ್ತದಿಂದ ಭಾಗಿಸಿ: 2 × 13 × 7 ÷ 20 = 9.1 ಅಡಿ. ಒಂದು ಅಡಿಯ ಹತ್ತಿರದ ವ್ಯತ್ಯಾಸ, ಪಟ್ ಮಾಡುವವನಿಗೆ ಚೆನ್ನಾಗಿಯೇ ಗೊತ್ತಾಗುವಷ್ಟು.

ಲೆಕ್ಕ

ಈಗ ಕಾಗದಕ್ಕೆ ಬನ್ನಿ. ತಿದ್ದಿದ ಉದ್ದದಿಂದ ಮೊದಲು ಉದ್ದದ ರೇಟಿಂಗ್ ತೆಗೆಯಬೇಕು. 18 ಹೋಲ್‌ಗಳಿಗೆ:

ಪುರುಷ ಸ್ಕ್ರ್ಯಾಚ್ = ಉದ್ದ ÷ 220 + 40.9
ಪುರುಷ ಬೋಗಿ = ಉದ್ದ ÷ 160 + 50.7
ಮಹಿಳಾ ಸ್ಕ್ರ್ಯಾಚ್ = ಉದ್ದ ÷ 180 + 40.1
ಮಹಿಳಾ ಬೋಗಿ = ಉದ್ದ ÷ 120 + 51.3

ಸ್ಕ್ರ್ಯಾಚ್ ಮತ್ತು ಬೋಗಿಯ ತಿದ್ದಿದ ಉದ್ದಗಳು ಬೇರೆಬೇರೆ ಇರುತ್ತವೆ ಎಂಬುದು ಮೇಲಿನ ತೊರೆಯಿಂದಲೇ ಗೊತ್ತಾಯಿತು. ಲೆಕ್ಕ ಸರಳವಾಗಲೆಂದು ಇಬ್ಬರಿಗೂ 6,380 ಗಜ ಎಂದು ಹಿಡಿಯೋಣ. ಸ್ಕ್ರ್ಯಾಚ್‌ಗೆ 29 + 40.9 = 69.9. ಬೋಗಿಗೆ 39.9 + 50.7 = 90.6.

ಇದಕ್ಕೆ ಅಡೆತಡೆಗಳ ಮೌಲ್ಯ ಸೇರಬೇಕು. ಹತ್ತು ಅಂಶಗಳ ಅಂಕಗಳನ್ನು ಅವುಗಳ ತೂಕದಿಂದ ಗುಣಿಸಿ, ಎಲ್ಲ ಹೋಲ್‌ಗಳದ್ದನ್ನೂ ಕೂಡಿ, ಹೊಡೆತಗಳಾಗಿ ಪರಿವರ್ತಿಸುತ್ತಾರೆ. ಈ ತೂಕಗಳು ಸ್ಕ್ರ್ಯಾಚ್‌ಗೆ ಬೇರೆ, ಬೋಗಿಗೆ ಬೇರೆ. ಅಡೆತಡೆ ತೀರಾ ಕಡಿಮೆಯಿರುವ ಕೋರ್ಸ್‌ನಲ್ಲಿ ಈ ಮೌಲ್ಯ ಸೊನ್ನೆಗಿಂತ ಕೆಳಗೂ ಹೋಗುತ್ತದೆ. ಸೂತ್ರದೊಳಗೇ ಸಾಧಾರಣ ಮಟ್ಟದ ಅಡೆತಡೆ ಅಡಗಿದೆ ಎಂದು ಇದರರ್ಥ. ನಮ್ಮ ಉದಾಹರಣೆಯಲ್ಲಿ ಸ್ಕ್ರ್ಯಾಚ್‌ಗೆ 1.6, ಬೋಗಿಗೆ 5.1 ಬಂತು ಎನ್ನೋಣ.

ಸ್ಕ್ರ್ಯಾಚ್: 69.9 + 1.6 = 71.5. ಇದೇ ಕೋರ್ಸ್ ರೇಟಿಂಗ್.
ಬೋಗಿ: 90.6 + 5.1 = 95.7. ಇದು ಬೋಗಿ ರೇಟಿಂಗ್, ಸಾಮಾನ್ಯವಾಗಿ ಕಾರ್ಡ್ ಮೇಲೆ ಅಚ್ಚಾಗುವುದಿಲ್ಲ.

ಎರಡರ ಅಂತರ 24.2. ಪುರುಷರಿಗಾದರೆ ಅದನ್ನು 5.381ರಿಂದ, ಮಹಿಳೆಯರಿಗಾದರೆ 4.240ರಿಂದ ಗುಣಿಸಿ. 24.2 × 5.381 = 130.2, ಸ್ಲೋಪ್ ರೇಟಿಂಗ್ 130. ಅಲ್ಲಿಗೆ ಕಾರ್ಡ್ ಮೇಲಿನ 71.5/130 ಸಿದ್ಧ. ದಶಮಾಂಶಗಳನ್ನು ಕೊನೆಯವರೆಗೂ ಉಳಿಸಿಕೊಳ್ಳಿ. ಹೋಲ್‌ಹೋಲಿಗೂ ದುಂಡಾಗಿಸುತ್ತ ಬಂದರೆ ಹದಿನೆಂಟನೆಯದರ ಹೊತ್ತಿಗೆ ಸ್ಲೋಪ್ ಎರಡು ಮೂರು ಅಂಕ ಆಚೀಚೆ ಆಗಿರುತ್ತದೆ.

ಸ್ಲೋಪ್ ಅತಿ ಕಡಿಮೆ 55, ಅತಿ ಹೆಚ್ಚು 155. ಪ್ರಮಾಣಿತ ಸಂಖ್ಯೆ 113. ಬೋಗಿ ಮತ್ತು ಸ್ಕ್ರ್ಯಾಚ್ ರೇಟಿಂಗ್‌ಗಳ ನಡುವೆ ಪುರುಷರಲ್ಲಿ ಸರಿಯಾಗಿ 21 ಹೊಡೆತ ಅಂತರವಿದ್ದರೆ 113 ಸಿಗುತ್ತದೆ. ಹೆಸರಿನ ಬಗ್ಗೆ ಒಂದು ಮಾತು: ಇಲ್ಲಿನ ಸ್ಲೋಪ್‌ಗೂ ಮೈದಾನದ ಇಳಿಜಾರಿಗೂ ಸಂಬಂಧವಿಲ್ಲ. ಹ್ಯಾಂಡಿಕ್ಯಾಪ್ ಒಂದು ಬದಿ, ಸ್ಕೋರ್ ಇನ್ನೊಂದು ಬದಿ ಇಟ್ಟು ಗ್ರಾಫ್ ಎಳೆದರೆ ಸಿಗುವ ಗೆರೆ ಎಷ್ಟು ಕಡಿದಾಗಿ ಏರುತ್ತದೆ ಎಂಬುದಷ್ಟೇ ಅದು. ಸಪಾಟು ಬಯಲಿನ ಕೋರ್ಸ್‌ಗೂ 140 ಸ್ಲೋಪ್ ಬರಬಹುದು, ತೊರೆ ಕೆರೆಗಳು ಸಾಕಷ್ಟಿದ್ದರೆ.

ಸಂಖ್ಯೆ ಓದುವಾಗ

ಕೋರ್ಸ್ ರೇಟಿಂಗ್ 71.5 ಅಂದರೆ ಸ್ಕ್ರ್ಯಾಚ್ ಆಟಗಾರ ಸರಾಸರಿ 71.5 ಹೊಡೆಯುತ್ತಾನೆ ಎಂದಲ್ಲ. ಅವನ ಸ್ಕೋರ್‌ಗಳಲ್ಲಿ ಉತ್ತಮ ಅರ್ಧದ ಸರಾಸರಿ ಅದು. ಕೆಟ್ಟ ದಿನಗಳನ್ನೂ ಸೇರಿಸಿದರೆ ಸರಾಸರಿ ಇನ್ನೂ ಮೇಲೆ ಹೋಗುತ್ತದೆ.

ಇನ್ನೂ ದೊಡ್ಡ ತಪ್ಪು, ಸ್ಲೋಪ್ ಹೆಚ್ಚಿರುವ ಕೋರ್ಸೇ ಹೆಚ್ಚು ಕಷ್ಟ ಎಂದುಕೊಳ್ಳುವುದು. ಗಾಲ್ಫ್ ಆಡುವವರ ಹರಟೆಯಲ್ಲಿ ‘ನಮ್ಮದು 140 ಗೊತ್ತಾ’ ಎಂಬ ಜಂಬ ಆಗಾಗ ಕೇಳಿಬರುತ್ತದೆ. ಎರಡು ಕೋರ್ಸ್ ತೆಗೆದುಕೊಳ್ಳಿ: ಒಂದು 74.5/125, ಇನ್ನೊಂದು 70.5/140. ಬೋಗಿ ರೇಟಿಂಗ್ ಬೇಕಿದ್ದರೆ ಸ್ಲೋಪನ್ನು 5.381ರಿಂದ ಭಾಗಿಸಿ ಕೋರ್ಸ್ ರೇಟಿಂಗ್‌ಗೆ ಕೂಡಿದರಾಯಿತು. ಮೊದಲನೆಯದಕ್ಕೆ 97.7, ಎರಡನೆಯದಕ್ಕೆ 96.5. ಸ್ಲೋಪ್ 125 ಇರುವ ಕೋರ್ಸೇ ಸ್ಕ್ರ್ಯಾಚ್‌ಗೂ ಬೋಗಿಗೂ ಹೆಚ್ಚು ಕಷ್ಟ! 140 ಹೇಳುತ್ತಿರುವುದು, ಅಲ್ಲಿ ಇವರಿಬ್ಬರ ನಡುವಿನ ಕಂದರ ದೊಡ್ಡದು ಎಂದು ಮಾತ್ರ.

ಬಳಕೆಯಲ್ಲಿ ಬೇಕಾಗುವುದು ಎರಡು ಸೂತ್ರ. ಆಡುವ ಮೊದಲು: ಹ್ಯಾಂಡಿಕ್ಯಾಪ್ ಇಂಡೆಕ್ಸ್ × ಸ್ಲೋಪ್ ÷ 113 + (ಕೋರ್ಸ್ ರೇಟಿಂಗ್ − ಪಾರ್). ಇಂಡೆಕ್ಸ್ 15.0 ಇರುವವನಿಗೆ 71.5/130, ಪಾರ್ 72ರಲ್ಲಿ 17 ಹೊಡೆತ ಸಿಗುತ್ತದೆ. 70.2/110ರಲ್ಲಿ 13 ಮಾತ್ರ. ಆಡಿದ ಮೇಲೆ: (ಸ್ಕೋರ್ − ಕೋರ್ಸ್ ರೇಟಿಂಗ್) × 113 ÷ ಸ್ಲೋಪ್. ಮೊದಲು ಕಂಡ 16.1 ಮತ್ತು 17.3 ಬಂದದ್ದು ಹೀಗೆ. ಅಂದಿನ ಹವಾಮಾನ ತೀರಾ ಭಿನ್ನವಾಗಿ ಎಲ್ಲರ ಸ್ಕೋರೂ ಏರುಪೇರಾಗಿದ್ದರೆ ಪದ್ಧತಿಯೇ −1ರಿಂದ +3ರವರೆಗೆ ತಿದ್ದುಪಡಿ ಹಾಕುತ್ತದೆ, ಆ ತಿದ್ದುಪಡಿಯನ್ನೂ ಸ್ಕೋರ್‌ನಿಂದ ಕಳೆಯಬೇಕು. ಇಂತಹ ಇತ್ತೀಚಿನ 20 ಫಲಿತಾಂಶಗಳಲ್ಲಿ ಅತ್ಯುತ್ತಮ 8ರ ಸರಾಸರಿಯೇ ಹ್ಯಾಂಡಿಕ್ಯಾಪ್ ಇಂಡೆಕ್ಸ್.

ರೇಟಿಂಗ್ ಹಳಸದಂತೆ

ದಿನನಿತ್ಯ ಟೀ ಮಾರ್ಕರ್ ಇಡುವವರ ಕೈಯಲ್ಲಿ ರೇಟಿಂಗ್‌ನ ಮಾನ ಇದೆ. ಕೆಲವು ಟೀ ಮುಂದಿಟ್ಟರೆ ಕೆಲವನ್ನು ಹಿಂದಿಟ್ಟು, ಒಟ್ಟು ಉದ್ದ ರೇಟಿಂಗ್ ಆದ ಉದ್ದಕ್ಕಿಂತ 100 ಗಜಕ್ಕಿಂತ ಹೆಚ್ಚು ಬದಲಾಗದಂತೆ ನೋಡಿಕೊಳ್ಳಬೇಕು. ಹುಲ್ಲು ಸವೆಯುತ್ತದೆಂದು ಹದಿನೆಂಟನ್ನೂ ಒಂದೇ ದಿಕ್ಕಿಗೆ ಸರಿಸಿದರೆ ಅಂದಿನ ಸ್ಕೋರ್‌ಗಳೆಲ್ಲ ಬೇರೆ ಕೋರ್ಸ್‌ನ ಸ್ಕೋರ್‌ಗಳಂತಾಗುತ್ತವೆ.

ಹೊಸ ಕೋರ್ಸ್‌ನಲ್ಲಿ ಮೊದಲ ವರ್ಷಗಳಲ್ಲಿ ಮರ ಬೆಳೆಯುತ್ತವೆ, ನೆಲ ಕೂರುತ್ತದೆ, ಗ್ರೀನ್ ಗಟ್ಟಿಯಾಗುತ್ತದೆ. ಹಾಗಾಗಿ ಐದು ವರ್ಷದೊಳಗೆ ಮರುರೇಟಿಂಗ್ ಆಗಬೇಕು, ಆಮೇಲೆ ಹತ್ತು ವರ್ಷಕ್ಕೊಮ್ಮೆಯಾದರೂ. ಅದಕ್ಕೂ ಮುಂಚೆ ಬಂಕರ್ ತೆಗೆದರೆ, ಬಿರುಗಾಳಿಗೆ ಮರದ ಸಾಲು ಬಿದ್ದರೆ, ಹೊಸ ಟೀ ಕಟ್ಟಿದರೆ ಸಂಸ್ಥೆಗೆ ತಿಳಿಸಿ. ತಿಳಿಸುವಾಗ ಯಾವ ಹೋಲ್, ಟೀಯಿಂದ ಎಷ್ಟು ಗಜ, ಫೇರ್‌ವೇ ಮಧ್ಯದಿಂದ ಎಷ್ಟು ಗಜ, ಮೊದಲು ಏನಿತ್ತು, ಈಗ ಏನಿದೆ ಎಂದು ಬರೆಯಿರಿ. ‘ಏಳನೆಯ ಹೋಲ್‌ನಲ್ಲಿ ಮರ ಬಿದ್ದಿದೆ’ ಎಂದಷ್ಟೇ ಬರೆದರೆ ಅವರು ಏನೂ ಮಾಡಲಾರರು. ‘ಏಳರಲ್ಲಿ ಎಡಬದಿ, ಟೀಯಿಂದ 190ರಿಂದ 240 ಗಜದವರೆಗಿನ ಸಾಲು ಹೋಗಿದೆ, ಮಧ್ಯದಿಂದ 22 ಗಜ ಇತ್ತು’ ಎಂದರೆ ಅದು ಬೋಗಿ ಆಟಗಾರನ ಚೆಂಡು ಬೀಳುವ ಜಾಗವನ್ನೂ ಮುಟ್ಟುತ್ತದೆ, ಅವನ ಅಂಕವೂ ಬದಲಾಗುತ್ತದೆ ಎಂದು ಓದಿದ ಕೂಡಲೇ ಅವರಿಗೆ ತಿಳಿಯುತ್ತದೆ.